ನಿಂತ ಸೈಕಲ್ಲಿಗೆ ಶೇಂಗಾ ಉಂಡೆ

ಚನ್ನಗಿರಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಂಗಸರ ರವಿಕೆ, ಚೂಡಿದಾರ, ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಬಿಡುವಿದ್ದಾಗ, ಬಿಡುವಿಲ್ಲದಾಗಲೂ, ಫೋನಿನಲ್ಲಿ ಟ್ರ್ಯಾಕ್ ಸೈಕ್ಲಿಂಗ್ ನೋಡುತ್ತೇನೆ. ಕ್ರಿಕೆಟ್ ನೋಡುತ್ತೇನೆ ಎಂದರೆ ಯಾರೂ ಏನೂ ಅನ್ನುವುದಿಲ್ಲ. ಧಾರಾವಾಹಿ ನೋಡುತ್ತೇನೆ ಎಂದರೆ ಕಥೆ ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಸೈಕಲ್ ರೇಸ್ ಎಂದರೆ ಮಾತ್ರ, "ಮನ್ಯಾಗೆ ಎಲ್ಲಾ ಆರಾಮ ಐತೇನ್ರಿ?" ಎಂದು ವಿಚಾರಿಸುತ್ತಾರೆ.

ಈ ಹುಚ್ಚು ಹತ್ತಿಸಿದವಳು ನನ್ನ ಅಣ್ಣನ ಮಗಳು. ಅವಳು ಉತ್ತರ ಕರ್ನಾಟಕದ ಒಂದು ಊರಿನ ಕ್ರೀಡಾ ಹಾಸ್ಟೆಲ್ಲಿನಲ್ಲಿದ್ದು ಸೈಕ್ಲಿಂಗ್ ಕಲಿಯುತ್ತಿದ್ದಾಳೆ. ಒಂದು ದಿನ ಬೆಳಿಗ್ಗೆ ಫೋನಿಗೆ ಲಿಂಕ್ ಕಳಿಸಿ, "ಅತ್ತೆ, ಇವತ್ತು ನಂದು ಸ್ಪ್ರಿಂಟ್ ಐತೆ, ನೋಡು" ಎಂದಳು. ನಾನು ಫೋನನ್ನು ದಾರದ ಡಬ್ಬಿಗೆ ಒರಗಿಸಿ ಕೂತೆ. ಇಬ್ಬರು ಹುಡುಗಿಯರು ಹೊರಟರು. ರೇಸ್ ಎಂದ ಮೇಲೆ ಬಾಣದ ಹಾಗೆ ಹೋಗುತ್ತಾರೆ ಎಂದುಕೊಂಡಿದ್ದರೆ, ಇವರು ಸಂತೆಗೆ ಹೊರಟವರ ಹಾಗೆ ಹೋದರು. ಆಮೇಲೆ ಇನ್ನೂ ನಿಧಾನವಾದರು. ಆಮೇಲೆ ನಿಂತೇಬಿಟ್ಟರು.

ನೆಟ್‌ವರ್ಕ್ ಹೋಯಿತು ಅಂದುಕೊಂಡೆ. ಫೋನ್ ಆಫ್ ಮಾಡಿ ಆನ್ ಮಾಡಿದೆ. ಅಂಗಡಿಯಿಂದ ಇಳಿದು ಬೀದಿಯಲ್ಲಿ ಫೋನನ್ನು ಎತ್ತಿ ಹಿಡಿದುಕೊಂಡು ಆ ಕಡೆ ಈ ಕಡೆ ತಿರುಗಿದೆ. ಸಿಮ್ಮಿನವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಚಿತ್ರ ಮತ್ತೆ ಬರುವಷ್ಟರಲ್ಲಿ ಇಬ್ಬರೂ ಬೆವರು ಒರೆಸಿಕೊಂಡು ನೀರು ಕುಡಿಯುತ್ತಿದ್ದರು. ಸಂಜೆ ಫೋನ್ ಮಾಡಿದಾಗ ಹುಡುಗಿ ಬಿದ್ದು ಬಿದ್ದು ನಕ್ಕಳು.

"ನೆಟ್‌ವರ್ಕ್ ಸರಿಯಾಗೇ ಇತ್ತು ಅತ್ತೆ. ನಾವೇ ನಿಂತಿದ್ವಿ."

ಅವಳೇ ಅದನ್ನು ಬಿಡಿಸಿ ಹೇಳಿದಳು. ಮುಂದೆ ಹೋಗುವವರಿಗೆ ಗಾಳಿ ಹೊಡೆಯುತ್ತದೆ, ಹಿಂದೆ ಇರುವವರಿಗೆ ಅವರೇ ಮರೆ. ಆದ್ದರಿಂದ ಮುಂದೆ ಹೋಗಲು ಇಬ್ಬರಿಗೂ ಮನಸ್ಸಿಲ್ಲ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ "ನೀವು ಕೂರ್ರಿ, ನೀವು ಕೂರ್ರಿ" ಅಂತ ಬೀಗರು ಒಬ್ಬರನ್ನೊಬ್ಬರು ತಳ್ಳುತ್ತಾರಲ್ಲ, ಹಾಗೆ. ಇಲ್ಲಿ ಮರ್ಯಾದೆಯ ಬದಲು ಕುತಂತ್ರ, ಅಷ್ಟೆ. ಎದುರಾಳಿ ಸಾಕಾಗಿ ಮುಂದೆ ಹೋಗಲಿ ಎಂದು ಸೈಕಲ್ಲನ್ನು ನಿಲ್ಲಿಸಿಕೊಂಡೇ ಇರುತ್ತಾರೆ. ಅವಳು ಹೊರಟ ಕೂಡಲೇ ಅವಳ ಬೆನ್ನು ಹಿಡಿದು, ಕೊನೆಯ ಸುತ್ತಿನಲ್ಲಿ ಜೀವ ಹೋಗುವ ಹಾಗೆ ತುಳಿದು ದಾಟುತ್ತಾರೆ. ಮೊದಲು ಮುಟ್ಟಿದವಳು ಗೆದ್ದಳು. ಹೀಗೆ ಮೂರರಲ್ಲಿ ಎರಡು ಸಲ ಗೆಲ್ಲಬೇಕು.

ಇದು ತಲೆಗೆ ಹೋದ ಮೇಲೆ ನನಗೆ ಬೇರೆ ಆಟಗಳೆಲ್ಲ ಸಪ್ಪೆಯಾದವು. ಆ ಸೈಕಲ್ಲಿಗೆ ಬ್ರೇಕ್ ಇಲ್ಲ. ಚಕ್ರ ತಿರುಗುವಷ್ಟು ಹೊತ್ತು ಪೆಡಲ್ ತಿರುಗಲೇಬೇಕು, ನಮ್ಮ ಕಾಲಿನ ಹೊಲಿಗೆ ಮಷೀನಿನ ಹಾಗೆ. ಹಾಗಾಗಿ ಅವರು ತುಳಿಯುವಾಗ ನನ್ನ ಕಾಲೂ ತುಳಿಯುತ್ತದೆ. ಒಂದು ಸಲ ಕೊನೆಯ ಸುತ್ತಿನ ಗಂಟೆ ಹೊಡೆದಾಗ ನನ್ನ ಮಷೀನಿನಲ್ಲಿ ಒಬ್ಬ ಟೀಚರಮ್ಮನ ರೇಷ್ಮೆ ರವಿಕೆ ಇತ್ತು. ರೇಸ್ ಮುಗಿಯುವ ಹೊತ್ತಿಗೆ ಅದರ ಒಂದು ತೋಳಿನ ಬಾಯಿ ಪೂರ್ತಿ ಹೊಲಿದು ಮುಚ್ಚಿಹೋಗಿತ್ತು. ನೋಡದೆ ಮಡಿಸಿ ಕೊಟ್ಟೂಬಿಟ್ಟೆ. ಮಾರನೇ ದಿನ ಟೀಚರಮ್ಮ ಬಂದು, "ಒಂದು ಕೈ ಸಾಕು ಅಂದ್ಕಂಡ್ರೇನ್ರಿ ನಂಗೆ?" ಎಂದರು.

ಇನ್ನು ನನ್ನ ಅಣ್ಣನ ವಿಷಯ. ಅವನು ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ. ಪ್ರಾಯದಲ್ಲಿ ಅವನು ನಿಧಾನ ಸೈಕಲ್ ಸ್ಪರ್ಧೆಯ ಹುಲಿ. ನಮ್ಮ ಕಡೆ ಗಣಪತಿ ಕೂರಿಸಿದರೆ, ರಾಜ್ಯೋತ್ಸವ ಬಂದರೆ ಈ ಸ್ಪರ್ಧೆ ಇದ್ದೇ ಇರುತ್ತದೆ. ಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಗೆರೆ ದಾಟಬಾರದು, ಕಾಲು ನೆಲಕ್ಕೆ ತಾಗಬಾರದು, ಎಲ್ಲರಿಗಿಂತ ಕೊನೆಗೆ ಮುಟ್ಟಿದವನು ಗೆದ್ದ. ಬಹುಮಾನ ಸ್ಟೀಲ್ ಪಾತ್ರೆ. ನಮ್ಮ ತವರಿನ ಅಡುಗೆಮನೆಯ ಅರ್ಧ ಪಾತ್ರೆ ಅಣ್ಣ ನಿಧಾನವಾಗಿ ಹೋಗಿ ಸಂಪಾದಿಸಿದ್ದು. ಹೊನ್ನಾಳಿಯಲ್ಲಿ ಒಮ್ಮೆ ಉಳಿದವರೆಲ್ಲ ಮುಟ್ಟಿ, ತೀರ್ಪುಗಾರರು ಟೀ ಕುಡಿದು ಬಂದರೂ ಇವನು ನಡುದಾರಿಯಲ್ಲಿ ನಿಂತೇ ಇದ್ದನಂತೆ. ಕೊನೆಗೆ ಅವರೇ ಕೈಮುಗಿದು, "ಇಳಿಯಪ್ಪ, ನೀನೇ ಗೆದ್ದೆ" ಎಂದರಂತೆ. ಜೋರಾಗಿ ಹೋಗುವವರನ್ನು ಕಂಡರೆ ಅವನಿಗೆ ತಾತ್ಸಾರ.

"ಇಳಿಜಾರು ಸಿಕ್ರೆ ಖಾಲಿ ಡಬ್ಬನೂ ಓಡ್ತೈತೆ," ಎನ್ನುತ್ತಿದ್ದ. "ನಿಲ್ಸಾಕೆ ಮನುಷ್ಯ ಬೇಕು."

ಮಗಳಿಗೆ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಾಗ ಸೈಕಲ್ ಎಂಬ ಒಂದೇ ಮಾತು ಕೇಳಿ ಅವನು ಹಿಗ್ಗಿಹೋಗಿದ್ದ. ಅಲ್ಲಿ ಏನು ಮಾಡಿಸುತ್ತಾರೆಂದು ಕೇಳಲಿಲ್ಲ. ಅವನ ಹತ್ತಿರ ಇರುವುದು ಗುಂಡಿ ಒತ್ತುವ ಸಣ್ಣ ಫೋನು. ದೊಡ್ಡ ಫೋನಿಗೆ ಹಿಟ್ಟು ಹೋಗುತ್ತದೆ ಎಂದು ಕೊಂಡುಕೊಂಡಿಲ್ಲ. ಹೀಗಾಗಿ ಮಗಳ ಒಂದು ರೇಸನ್ನೂ ಅವನು ನೋಡಿರಲಿಲ್ಲ.

ಆಮೇಲೆ ಅವಳು ಬಿದ್ದಳು. ಅಭ್ಯಾಸ ಮಾಡುವಾಗ ಟ್ರ್ಯಾಕಿನ ಮೇಲಿಂದ ಜಾರಿ ಹೆಗಲ ಮೂಳೆ ಮುರಿದುಕೊಂಡಳು. ಅಣ್ಣ ಓಡಿಹೋಗಿ ನೋಡಿಕೊಂಡು ಬಂದ. ಬ್ರೇಕ್ ಇಲ್ಲದ ಸೈಕಲ್ಲು, ಬಸ್ಸಿನಷ್ಟು ಜೋರು ಎಂದು ಅಲ್ಲಿ ಯಾರೋ ಹೇಳಿದ್ದು ಅವನ ಎದೆಯಲ್ಲಿ ಕೂತುಬಿಟ್ಟಿತು. ಮೂಳೆ ಕೂಡಿತು, ಹುಡುಗಿ ಮತ್ತೆ ಸೈಕಲ್ ಹತ್ತಿದಳು, ಅಣ್ಣನ ಹೆದರಿಕೆ ಮಾತ್ರ ಇಳಿಯಲಿಲ್ಲ. ಈ ಸಲದ ರಾಜ್ಯಮಟ್ಟದ ಸ್ಪರ್ಧೆ ಮುಗಿದ ಕೂಡಲೇ ಅವಳನ್ನು ಊರಿಗೆ ಕರೆತಂದು ಶಿವಮೊಗ್ಗದಲ್ಲಿ ಡಿಗ್ರಿಗೆ ಹಾಕುವುದೆಂದು ತೀರ್ಮಾನಿಸಿದ. ಹುಡುಗಿ ನನಗೆ ಫೋನ್ ಮಾಡಿ ಅತ್ತಳು. "ಅತ್ತೆ, ಅಪ್ಪಂಗೆ ಹೇಳು. ಸೈಕಲ್ ಬಿಟ್ರೆ ನಾನು ಬ್ಯಾರೆ ಏನು ಮಾಡ್ಲಿ?"

ನಾನು ನ್ಯಾಮತಿಗೆ ಹೋಗಿ ಗಿರಣಿಯ ಸದ್ದಿನಲ್ಲೇ ಅಣ್ಣನ ಜೊತೆ ಜಗಳಕ್ಕೆ ನಿಂತೆ. ಜಗಳದ ಕೊನೆಗೆ ಇಬ್ಬರ ತಲೆಯೂ ಹಿಟ್ಟಿನಿಂದ ಬೆಳ್ಳಗಾಗಿತ್ತು. ಬಿಡಿಸುವ ಮೊದಲು ಒಂದು ಸಲವಾದರೂ ಅವಳ ರೇಸ್ ನೋಡು ಎಂದು ಹಟ ಹಿಡಿದೆ.

"ಆತು, ನೋಡ್ತೀನಿ," ಎಂದ. "ನೋಡಿ, ಸಾಮಾನು ಕಟ್ಕಂಡು, ಅವಳ್ನೂ ಕೂರಿಸ್ಕಂಡು ಬರ್ತೀನಿ."

ಜಗಳೂರಿನಲ್ಲಿ ನಮ್ಮ ಅಕ್ಕನ ಮನೆ. ಭಾವನಿಗೆ ಶೇಂಗಾ ವ್ಯಾಪಾರ, ಹಳೆಯದೊಂದು ಕಾರೂ ಇದೆ. ನಾವಿಬ್ಬರೂ ಬಸ್ಸಿನಲ್ಲಿ ಜಗಳೂರಿಗೆ ಹೋಗಿ, ಅಲ್ಲಿಂದ ಭಾವನ ಕಾರಿನಲ್ಲಿ ಹುಡುಗಿಯ ಹಾಸ್ಟೆಲ್ ಇರುವ ಊರಿಗೆ ಹೊರಟೆವು. ಸ್ಪರ್ಧೆಯೂ ಅಲ್ಲೇ. ಅಕ್ಕ ಹುಡುಗಿಗೆಂದು ದೊಡ್ಡ ಡಬ್ಬದ ತುಂಬ ಶೇಂಗಾ ಉಂಡೆ ಕಟ್ಟಿಕೊಟ್ಟಳು. ಅಣ್ಣ ಸಾಮಾನು ಕಟ್ಟಲು ಎರಡು ಗೋಣಿಚೀಲ ತಂದಿದ್ದ. ದಾರಿಯುದ್ದಕ್ಕೂ ಅವನದು ಒಂದೇ ಪ್ರಶ್ನೆ, ಬ್ರೇಕ್ ಇಲ್ಲದಿದ್ದರೆ ನಿಲ್ಲಿಸುವುದು ಹೆಂಗೆ ಎಂದು. ಕಾಲಿನಿಂದ ಪೆಡಲನ್ನು ತಡೆದು ನಿಲ್ಲಿಸುತ್ತಾರೆ ಎಂದು ನಾನು ಹೇಳುವುದು, ಒಂದಷ್ಟು ದೂರ ಹೋದ ಮೇಲೆ ಅವನು ಅದನ್ನೇ ಮತ್ತೆ ಕೇಳುವುದು.

ಸೈಕಲ್ ಟ್ರ್ಯಾಕ್ ಎಂದರೆ ಸಿಮೆಂಟಿನ ದೊಡ್ಡ ಬಾಣಲೆ. ತಿರುವಿನಲ್ಲಿ ಗೋಡೆಯ ಹಾಗೆ ಎದ್ದು ನಿಂತಿರುತ್ತದೆ. ಬಾಣಲೆಯ ಅಂಚಿಗೆ ಕಬ್ಬಿಣದ ಕಂಬಿ, ಕಂಬಿಯ ಆಚೆ ನಮ್ಮಂಥ ನೋಡುವವರಿಗೆ ಮೆಟ್ಟಿಲು. ಹುಡುಗಿ ಸೈಕಲ್ ತಳ್ಳಿಕೊಂಡು ಬಂದು ಅಪ್ಪನ ಕಾಲು ಮುಟ್ಟಿದಳು. ಅಣ್ಣ ಅವಳ ಹೆಗಲನ್ನು ಮುಟ್ಟಿ ನೋಡಿದ, ಆಮೇಲೆ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದ.

"ಬ್ರೇಕ್ ಇಲ್ಲ. ಬೆಲ್ ಇಲ್ಲ. ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡೂ ಇಲ್ಲ," ಎಂದ. "ಯಾರೋ ನಿಂಗೆ ಅರ್ಧ ಸೈಕಲ್ ಕೊಟ್ಟು ಕೂರ್ಸಿದಾರೆ ಕಣವ್ವ."

ಬೆಳಿಗ್ಗೆ ಗಂಡುಹುಡುಗರ ಕೀರಿನ್ ಇತ್ತು. ಅದರಲ್ಲಿ ಮುಂದೆ ಒಬ್ಬರು ಮೊಪೆಡ್ ಓಡಿಸುತ್ತಾರೆ. ಸೈಕಲ್ಲಿನವರೆಲ್ಲ ಸಾಲಾಗಿ ಅದರ ಹಿಂದೆ ಹೋಗುತ್ತ ವೇಗ ಹೆಚ್ಚಿಸಿಕೊಳ್ಳುತ್ತಾರೆ. ಕೊನೆಯ ಸುತ್ತುಗಳಿಗೆ ಮೊಪೆಡ್ ಪಕ್ಕಕ್ಕೆ ಸರಿದುಬಿಡುತ್ತದೆ. ಭಾವ ಮೊದಲಿನಿಂದಲೂ ಮೊಪೆಡ್ಡಿನವನ ಪಕ್ಷ. "ಈ ಯಜಮಾನ ಗೆಲ್ತಾನೆ ನೋಡ್ರಿ. ಯಾರೂ ಅವನ್ನ ದಾಟಾಕೇ ಆಗ್ತಿಲ್ಲ," ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದ. ಮೊಪೆಡ್ ಹೊರಗೆ ಹೋದಾಗ ಅವನ ಮುಖ ನೋಡುವ ಹಾಗಿರಲಿಲ್ಲ. "ಇಷ್ಟೊತ್ತು ಮುಂದೆ ಇದ್ದೋನ್ನ ಆಚೆ ಕಳಿಸಿದ್ರಲ್ಲ, ಇದ್ಯಾವ ನ್ಯಾಯ?" ಎಂದು ಸಂಜೆಯವರೆಗೂ ಗೊಣಗಿದ.

ಅಣ್ಣ ಮೊಪೆಡ್ಡನ್ನು ನೋಡುತ್ತಿರಲಿಲ್ಲ. ಕೊನೆಯ ಸುತ್ತಿನಲ್ಲಿ ಹುಡುಗರೆಲ್ಲ ಒಬ್ಬರಿಗೊಬ್ಬರು ಹೆಗಲು ತಾಗಿಸಿಕೊಂಡು ನಮ್ಮ ಮುಂದೆಯೇ ಹಾರಿಹೋದಾಗ ಒಬ್ಬ ಬಿದ್ದು, ಮೇಲಿನಿಂದ ಕೆಳಗಿನವರೆಗೂ ಉಜ್ಜಿಕೊಂಡು ಹೋದ. ಎದ್ದ, ತೊಡೆಯ ಚರ್ಮ ಸುಲಿದಿತ್ತು, ನಗುತ್ತಲೂ ಇದ್ದ. ಅಣ್ಣ ನಗಲಿಲ್ಲ.

"ಅವಳ ಸಾಮಾನೆಲ್ಲ ಹಾಸ್ಟೆಲ್‌ನಾಗೆ ಐತಾ, ಇಲ್ಲೇ ತಂದಿದಾಳಾ?" ಎಂದು ಕೇಳಿದ. ನಾನೇ ಹಟ ಹಿಡಿದು ಕರೆತಂದು, ಹುಡುಗಿಯ ಕಥೆ ಮುಗಿಸಿದೆನಲ್ಲ ಎನ್ನಿಸಿತು.

ಮಧ್ಯಾಹ್ನ ಹುಡುಗಿಯರ ಸ್ಪ್ರಿಂಟ್ ಫೈನಲ್. ನಮ್ಮವಳಿಗೆ ಎದುರಾಳಿ ಅದೇ ಊರಿನ ಒಬ್ಬ ಗಟ್ಟಿಮುಟ್ಟಾದ ಹುಡುಗಿ. ಇಬ್ಬರೂ ಹೊರಟರು, ನಿಧಾನವಾದರು, ಬಾಣಲೆಯ ಅಂಚಿಗೆ ಹತ್ತಿದರು, ನಿಂತರು. ಅಣ್ಣ ಕೂತಲ್ಲಿಂದ ಮೆಲ್ಲಗೆ ಎದ್ದ. ಅವನ ಮುಖ ಅರಳುತ್ತ ಹೋಯಿತು.

"ಇದು ನಮ್ಮ ಆಟ ಕಣೇ," ಎಂದ. "ಬೆಳಗಿಂದು ಗಂಡುಡುಗ್ರು ಐಟಮ್ಮು. ಹೆಣ್ಮಕ್ಕಳಿಗೆ ನಿಧಾನದ್ದು ಇಟ್ಟಿದಾರೆ. ನೀನು ಸುಮ್ನೆ ಹೆದರ್ಸಿದ್ದೆ ನನ್ನ."

ಅವನು ಯಾಕೆ ಹಾಗೆ ಅಂದುಕೊಂಡ ಎಂದು ನನಗೆ ತಕ್ಷಣ ತಿಳಿಯಿತು. ತಿದ್ದಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಚಪ್ಪಾಳೆ ತಟ್ಟುತ್ತಿದ್ದ ಜನರ ಕಡೆ ತಿರುಗಿ, "ಸದ್ದು ಮಾಡಬ್ಯಾಡ್ರಿ, ಮಕ್ಳ ಬ್ಯಾಲೆನ್ಸ್ ಹೋಗ್ತೈತೆ" ಎಂದು ಗದರಿಸಿದ. ಕೊನೆಗೆ ಎದುರಾಳಿಯೇ ಸಾಕಾಗಿ ಹೊರಟಳು. ಅಣ್ಣ ಎರಡೂ ಕೈ ಮೇಲೆತ್ತಿದ. ಅವನ ಲೆಕ್ಕದಲ್ಲಿ ಆಟ ಅಲ್ಲಿಗೇ ಮುಗಿಯಿತು. ಟ್ರ್ಯಾಕಿಗೆ ಬೆನ್ನು ಮಾಡಿ, ಉಂಡೆ ಡಬ್ಬ ತೆಗೆದು, ಮೆಟ್ಟಿಲಿನ ಮೇಲಿದ್ದವರಿಗೆಲ್ಲ ಹಂಚಲು ಶುರು ಮಾಡಿದ. ಅವನ ಬೆನ್ನ ಹಿಂದೆ ಇಬ್ಬರೂ ಸಿಡಿಲಿನ ಹಾಗೆ ಹೋಗಿ, ನಮ್ಮವಳು ಒಂದು ಚಕ್ರದಷ್ಟು ಹಿಂದೆ ಬಿದ್ದು ಸೋತಳು. ಅವನು ತಿರುಗಿ ನೋಡಿ, "ಕೊನೆಗೆ ಬಂದ್ಲಾ?" ಎಂದು ಕೇಳಿದ. ಹೌದು ಎಂದೆ. ಸುಳ್ಳೇನಲ್ಲವಲ್ಲ.

ಸ್ವಲ್ಪ ಕೆಳಗೆ ಎದುರಾಳಿ ಹುಡುಗಿಯ ತಂದೆ ಕೂತಿದ್ದರು, ಬಿಳಿ ಟೋಪಿಯ ದೊಡ್ಡ ಮೀಸೆಯವರು. ಅಣ್ಣ ಅವರ ಹತ್ತಿರ ಹೋಗಿ ಎರಡು ಉಂಡೆ ಕೈಗಿಟ್ಟು, ಹೆಗಲ ಮೇಲೆ ಕೈ ಹಾಕಿದ.

"ಮನಸಿಗೆ ಹಚ್ಕಬ್ಯಾಡ್ರಿ. ಮಕ್ಳು ಅಂದ್ಮೇಲೆ ಒಂದಿನ ಹಂಗೆ, ಒಂದಿನ ಹಿಂಗೆ."

ಆ ಮನುಷ್ಯ ಉಂಡೆಯನ್ನೂ ಅಣ್ಣನನ್ನೂ ನೋಡಿದರು. ಅವರ ಕಣ್ಣು ತುಂಬಿತು. "ನಿಮ್ಮಂಥ ದೊಡ್ಡ ಮನಸ್ಸಿನವ್ರನ್ನ ನಾ ನೋಡಿಲ್ರಿ," ಎಂದರು. ಮಗಳು ಸೋತದ್ದಕ್ಕೆ ಸಿಹಿ ಹಂಚುವ ತಂದೆಯನ್ನು ಅವರಾದರೂ ಎಲ್ಲಿ ನೋಡಿರಬೇಕು?

ಅಣ್ಣ ಮೇಲೆ ಬಂದು ನನ್ನ ಪಕ್ಕ ಕೂತ. "ಇದಾದ್ರೆ ಎಷ್ಟು ವರ್ಷ ಬೇಕಾದ್ರೂ ಮಾಡ್ಲಿ ಬಿಡು. ರಕ್ತದಾಗೇ ಬಂದೈತೆ," ಎಂದ. ಭಾವ, "ಅಲ್ಲ, ಸೋತ ಹುಡುಗಿ..." ಎಂದು ಬಾಯಿ ತೆಗೆದ. ನಾನು ಆ ಬಾಯಿಗೆ ಒಂದು ಉಂಡೆ ತುರುಕಿದೆ. ಅಕ್ಕ ಉಂಡೆಯನ್ನು ಗಟ್ಟಿಯಾಗಿಯೇ ಕಟ್ಟಿದ್ದಳು, ಅಗಿದು ಮುಗಿಸಲು ಸಾಕಷ್ಟು ಹೊತ್ತು ಬೇಕಿತ್ತು. ಇನ್ನು ಅರ್ಧ ಗಂಟೆ ಅಣ್ಣನಿಗೆ ನಿಜ ತಿಳಿಯದಿದ್ದರೆ ಹುಡುಗಿ ಉಳಿದುಕೊಳ್ಳುತ್ತಾಳೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ನನಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ.

ಎರಡನೆಯ ಸಲ ನಮ್ಮವಳು ಕಾಯಲೇ ಇಲ್ಲ. ಎದುರಾಳಿ ಮೇಲೆ ನೋಡುತ್ತಿದ್ದಾಗ ಕೆಳಗಿನಿಂದ ನುಗ್ಗಿ ಒಂದೇ ಉಸಿರಿಗೆ ಹೋಗಿ ಗೆದ್ದುಬಿಟ್ಟಳು. ನಾನು ಎದ್ದು ಕುಣಿದೆ. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ.

"ಅವಸರ ಮಾಡಿದ್ಲು. ಚೆನ್ನಾಗಿ ನಿಲ್ತಿದ್ಲು, ಏನಾತು ಅವಳಿಗೆ?" ಎಂದ. "ನೀನ್ಯಾಕೆ ಕುಣೀತಿಯ?"

ಅಷ್ಟರಲ್ಲಿ ಬಿಳಿ ಟೋಪಿಯವರು ಎರಡು ಲೋಟ ಚಹಾ ಹಿಡಿದು ಮೆಟ್ಟಿಲು ಹತ್ತಿ ಬಂದರು. "ನೀವು ಉಂಡಿ ಕೊಟ್ರಿ, ನಾವು ಚಾನರೇ ಕೊಡಬ್ಯಾಡೇನ್ರಿ? ನಿಮ್ಮಾಕಿ ಗೆದ್ಲ್ ನೋಡ್ರಿ. ಏನ್ ಹೊಡದ್ಲ್ರಿ, ನಮ್ಮಾಕಿಗೆ ಗಾಳೀನೂ ಸಿಗಲಿಲ್ಲ. ಇನ್ನೊಂದ್ ಸಲ ಇದಕ್ಕಿಂತ ಜೋರ್ ಹೊಡದಾಕಿಗೇ ಕಪ್ ನೋಡ್ರಿ."

ಅಣ್ಣ ಚಹಾ ತೆಗೆದುಕೊಂಡ. ಕುಡಿಯಲಿಲ್ಲ. ನನ್ನ ಮುಖ ನೋಡಿದ. ಭಾವನೂ ಈಗ ಉಂಡೆ ನುಂಗಿ ಮುಗಿಸಿದ್ದ. ಇನ್ನು ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ.

"ಜೋರಾಗಿ ಹೋದೋರು ಗೆಲ್ಲದು ಅಣ್ಣ," ಎಂದೆ. "ನಿಲ್ಲದು ಎದುರಿನವಳ್ನ ಮುಂದೆ ಬಿಟ್ಟು ಆಮೇಲೆ ದಾಟಾಕೆ."

"ಹಂಗಾರೆ ಇವಾಗ ಇನ್ನೂ ಜೋರು ಹೋಗ್ಬೇಕಾ?"

"ಹೂಂ."

"ಬಿದ್ದಿದ್ದು ಇದ್ರಾಗೇನಾ?"

"ಇದ್ರಾಗೇ."

ಅವನು ಲೋಟವನ್ನು ಮೆಟ್ಟಿಲಿನ ಮೇಲಿಟ್ಟ. "ಸಾಕು. ಕಪ್ಪೂ ಬ್ಯಾಡ, ಏನೂ ಬ್ಯಾಡ. ಮಗೂನ ಕರ್ಕಂಡು ಹೋಗಾನ ನಡಿ," ಎಂದು ದಡದಡ ಇಳಿದು ಕಂಬಿಯ ಹತ್ತಿರ ಹೋದ. ನಾನು ಸೆರಗು ಎತ್ತಿಕೊಂಡು ಹಿಂದೆಯೇ ಓಡಿದೆ. ಅವನು ಕಂಬಿ ಮುಟ್ಟುವಷ್ಟರಲ್ಲಿ ಸೀಟಿ ಊದಿ ಮೂರನೆಯ ರೇಸ್ ಹೊರಟಿತ್ತು.

ಇಬ್ಬರೂ ನಿಧಾನವಾಗಿ ಮೇಲೆ ಹತ್ತುತ್ತ ಬಂದು ಸರಿಯಾಗಿ ಅಣ್ಣನ ಮುಂದೆಯೇ ನಿಂತರು. ನಮ್ಮವಳು ಕಂಬಿಯಿಂದ ಒಂದು ಮಾರು ದೂರವೂ ಇರಲಿಲ್ಲ. ಅವಳ ಉಸಿರು ಕೇಳುತ್ತಿತ್ತು. ಕೂಗಿದರೆ ಸಾಕಿತ್ತು, ಕೈ ಚಾಚಿದರೂ ಸಾಕಿತ್ತೇನೋ. ಅಣ್ಣ ಅವಳ ಹೆಸರು ಕರೆಯಲು ಬಾಯಿ ತೆರೆದ. ಹಾಗೇ ತನ್ನ ಬಾಯಿಗೆ ತಾನೇ ಅಂಗೈ ಒತ್ತಿ ಹಿಡಿದುಕೊಂಡ. ನಿಂತ ಸೈಕಲ್ಲಿನ ಮೇಲಿರುವವರನ್ನು ಹೆಸರು ಹಿಡಿದು ಕರೆಯುವುದು ನಿಧಾನ ಸೈಕಲ್ಲಿನಲ್ಲಿ ಬೀಳಿಸುವವರ ಕೆಲಸ. ಅದನ್ನು ಅವನು ಯಾರಿಗೂ ಮಾಡಿದವನಲ್ಲ.

ಹಾಗೆ ಎಷ್ಟು ಹೊತ್ತು ನಿಂತರೋ ಗೊತ್ತಿಲ್ಲ. ಅವಳ ಮುಂದಿನ ಚಕ್ರ ಒಂದು ಬೆರಳು ಮುಂದೆ, ಒಂದು ಬೆರಳು ಹಿಂದೆ ಆಡುತ್ತಿತ್ತು. ಅಣ್ಣನ ಕಣ್ಣು ಆ ಚಕ್ರದ ಮೇಲೇ ಇತ್ತು. ನನಗೆ ಅವನ ಮೇಲೆ ಇದ್ದ ಸಿಟ್ಟೆಲ್ಲ ಆಗಲೇ ಹೋಯಿತು. ಅವಳು ನಿಂತಿರುವಷ್ಟು ಹೊತ್ತು ಬೀಳುವುದಿಲ್ಲ, ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಎದುರಾಳಿ ಹೊರಟಳು. ನಮ್ಮವಳು ಅವಳ ಬೆನ್ನಿಗೆ ಬಿದ್ದಳು. ಅಣ್ಣ ಬಾಯಿಂದ ಕೈ ತೆಗೆದ. ಕೊನೆಯ ತಿರುವಿನಲ್ಲಿ ನಮ್ಮವಳು ಹೊರಗಿನಿಂದ ದಾಟಲು ಎದ್ದು ತುಳಿದಾಗ, ಹುಟ್ಟಿದಾಗಿನಿಂದ ಯಾರಿಗೂ ಹೇಳದ ಮಾತು ಅವನ ಬಾಯಿಂದ ಬಂತು. "ಜೋರಾಗಿ ಹೊಡಿಯವ್ವ," ಎಂದು ಗಂಟಲು ಹರಿಯುವ ಹಾಗೆ ಕೂಗಿದ. ನಮ್ಮ ಹಿಂದೆಯೇ ಇಳಿದು ಬಂದಿದ್ದ ಬಿಳಿ ಟೋಪಿಯವರೂ ಪಕ್ಕದಲ್ಲಿ ತಮ್ಮ ಮಗಳಿಗೆ ಅದನ್ನೇ ಕೂಗುತ್ತಿದ್ದರು. ಇಬ್ಬರು ಗೌರವಸ್ಥರು ಕಂಬಿ ಹಿಡಿದು ಕೋತಿಗಳ ಹಾಗೆ ಹಾರಿದರು.

ಟೈರಿನ ದಪ್ಪದಷ್ಟು ವ್ಯತ್ಯಾಸವಿತ್ತಂತೆ, ಫೋಟೋ ನೋಡಿ ಹೇಳಿದರು. ನಮ್ಮವಳು ಸೋತಳು.

ಅವಳು ಒಂದು ಸುತ್ತು ಸುಮ್ಮನೆ ಹೋಗಿ, ವೇಗ ಇಳಿಸಿಕೊಂಡು, ಸೈಕಲ್ ಇಳಿದು ನಮ್ಮ ಹತ್ತಿರ ಬಂದಳು. ಹೆಲ್ಮೆಟ್ ತೆಗೆದಾಗ ಕೂದಲೆಲ್ಲ ಹಣೆಗೆ ಅಂಟಿತ್ತು. ನನ್ನನ್ನು ನೋಡಲಿಲ್ಲ.

"ಅಪ್ಪಾ, ಸಾಮಾನು ಕಟ್ಕಂಡು ಬರ್ಲಾ?" ಎಂದು ಕೇಳಿದಳು.

ಆಚೆ ಎದುರಾಳಿ ಹುಡುಗಿಯನ್ನು ಅವಳ ಕಡೆಯವರು ಎತ್ತಿಕೊಂಡಿದ್ದರು. ಅಣ್ಣ ಆ ಕಡೆ ನೋಡುತ್ತಿದ್ದ.

"ಆ ಹುಡುಗಿ ಮುಂದಿನ ವರ್ಷನೂ ಬರ್ತಾಳಾ?"

"ಬರ್ತಾಳೆ ಅಪ್ಪಾ."

"ಮತ್ತೆ ನೀನು ಊರಾಗೆ ಕುಂತ್ರೆ, ಅವಳ್ನ ಸೋಲ್ಸೋರು ಯಾರು?"

ಧ್ವನಿ ಗಟ್ಟಿಯಾಗಿಯೇ ಇತ್ತು. ಹಿಡಿದ ಕಂಬಿಯನ್ನು ಮಾತ್ರ ಅವನು ಇನ್ನೂ ಬಿಟ್ಟಿರಲಿಲ್ಲ.